ಬೆಲ್ಟ್ ಕೀಂಯ್ ಅಂದ ಕೂಡಲೇ ಸ್ಪ್ಯಾನರ್ ಹಿಡಿಯಬೇಡಿ

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕೀಂಯ್ ಅಂತ ಒಂದು ಕೂಗು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕುತ್ತಾರೆ. ಹತ್ತು ಸೆಕೆಂಡಿಗೆ ಸದ್ದು ನಿಲ್ಲುತ್ತದೆ, ನೀವೂ ಮರೆತುಬಿಡುತ್ತೀರಿ. ಮರುದಿನ ಮತ್ತೆ ಅದೇ ರಾಗ.

ನಮ್ಮ ಹಳೆಯ ಸಣ್ಣ ಕಾರು ಒಂದು ಮಳೆಗಾಲವಿಡೀ ಹೀಗೆ ಕಿರುಚಿತು. ನಮ್ಮದು ಮಲೆನಾಡು. ಕಾರು ನಿಲ್ಲುವುದು ಅಂಗಳದ ಬದಿಯ ತಗಡಿನ ಚಪ್ಪರದ ಕೆಳಗೆ. ಮೊದಲ ಸಲ ಯಾರೋ ಹೇಳಿದರೆಂದು ಬೆಲ್ಟಿಗೆ ಸೋಪು ಉಜ್ಜಿದೆ. ಎರಡು ದಿನ ಸುಮ್ಮನಿತ್ತು. ಎರಡನೇ ಸಲ ಗ್ಯಾರೇಜಿನಲ್ಲಿ ಬೆಲ್ಟ್ ಬಿಗಿ ಮಾಡಿಸಿದೆ. ಎರಡು ವಾರ ಸುಮ್ಮನಿತ್ತು. ಮೂರನೇ ಸಲ "ಸರ್, ಬೆಲ್ಟ್ ಹೋಗಿದೆ, ಚೇಂಜ್ ಮಾಡೋಣ" ಅಂದರು. ಹೊಸ ಬೆಲ್ಟ್ ಬಂತು. ತಿಂಗಳು ತುಂಬುವುದರೊಳಗೆ ಹೊಸ ಬೆಲ್ಟೂ ಅದೇ ದನಿಯಲ್ಲಿ ಕೂಗಿತು. ಕೊನೆಗೆ ಒಂದು ಭಾನುವಾರ ಟಾರ್ಚ್ ಹಿಡಿದು ನಾನೇ ಬಗ್ಗಿ ನೋಡಿದೆ. ವಾಟರ್ ಪಂಪಿನ ಅಡಿಯಿಂದ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಒಂದೊಂದೇ ಹನಿ ಜಾರಿ ಬೆಲ್ಟ್ ಮೇಲೆ ಬೀಳುತ್ತಿತ್ತು. ಅಷ್ಟೇ ಕಥೆ. ಬೆಲ್ಟಿನ ತಪ್ಪು ಏನೂ ಇರಲಿಲ್ಲ. ಪಾಪ, ಅದು ದೂರು ಹೇಳುತ್ತಿತ್ತು. ನಾವು ದೂರು ಹೇಳಿದವನನ್ನೇ ಬದಲಾಯಿಸುತ್ತಿದ್ದೆವು.

ಅದಕ್ಕೇ ಈ ಲೇಖನದಲ್ಲಿ ರಿಪೇರಿಗಿಂತ ಹುಡುಕಾಟವೇ ಜಾಸ್ತಿ. ಕಾರಣ ಸಿಕ್ಕಿದರೆ ರಿಪೇರಿ ಅರ್ಧ ಗಂಟೆಯ ಕೆಲಸ.

ಯಾವ ಬೆಲ್ಟಿನ ಮಾತು ಇದು?

ಗ್ಯಾರೇಜಿನಲ್ಲಿ ಇದನ್ನು ಈಗಲೂ ಫ್ಯಾನ್ ಬೆಲ್ಟ್ ಅಂತಲೇ ಕರೆಯುತ್ತಾರೆ. ಅಂಬಾಸಿಡರ್, ಜೀಪುಗಳ ಕಾಲದಲ್ಲಿ ರೇಡಿಯೇಟರಿನ ಫ್ಯಾನನ್ನು ನಿಜವಾಗಿಯೂ ಇದೇ ಬೆಲ್ಟ್ ತಿರುಗಿಸುತ್ತಿತ್ತು. ಇಂದಿನ ಕಾರುಗಳಲ್ಲಿ ಫ್ಯಾನಿಗೆ ತನ್ನದೇ ಕರೆಂಟ್ ಮೋಟಾರು ಇದೆ. ಆದರೂ ಹೆಸರು ಮಾತ್ರ ಉಳಿದುಕೊಂಡಿದೆ. ಎಂಜಿನ್ನಿನ ಬದಿಯಲ್ಲಿ ಕೆಳಗಿರುವ ಕ್ರ್ಯಾಂಕ್ ಪುಲ್ಲಿ ಎಂಬ ಗಾಲಿಯಿಂದ ಶಕ್ತಿ ಪಡೆದು, ಕರೆಂಟ್ ತಯಾರಿಸುವ ಆಲ್ಟರ್ನೇಟರ್, ಬಹಳಷ್ಟು ಕಾರುಗಳಲ್ಲಿ ವಾಟರ್ ಪಂಪ್, ಏಸಿ ಕಂಪ್ರೆಸರ್, ಹಳೆಯ ಬಗೆಯ ಪವರ್ ಸ್ಟಿಯರಿಂಗ್ ಇದ್ದರೆ ಅದರ ಪಂಪು, ಇವನ್ನೆಲ್ಲ ತಿರುಗಿಸುವುದು ಈ ಬೆಲ್ಟೇ. ಕೆಲವು ಕಾರಿನಲ್ಲಿ ಎಲ್ಲಕ್ಕೂ ಒಂದೇ ಉದ್ದನೆಯ ಬೆಲ್ಟು ಹಾವಿನ ಹಾಗೆ ಸುತ್ತಿಕೊಂಡಿರುತ್ತದೆ. ಕೆಲವದರಲ್ಲಿ ಎರಡೋ ಮೂರೋ ಚಿಕ್ಕ ಬೆಲ್ಟುಗಳು.

ಎಂಜಿನ್ನಿನ ಒಳಭಾಗಗಳ ಲಯ ಕಾಯುವ ಟೈಮಿಂಗ್ ಬೆಲ್ಟ್ ಬೇರೆ. ಅದು ಮುಚ್ಚಳದ ಒಳಗಿರುತ್ತದೆ, ಹಲ್ಲುಗಳಿರುತ್ತವೆ. ಅದರ ತಂಟೆಗೆ ಮನೆಯಲ್ಲಿ ಹೋಗಬೇಡಿ. ಒಂದು ಹಲ್ಲು ತಪ್ಪಿದರೂ ಎಂಜಿನ್ ಲೆಕ್ಕಾಚಾರ ಕೆಡುತ್ತದೆ.

ನಾವು ಮಾತಾಡುತ್ತಿರುವ ಹೊರಗಿನ ಬೆಲ್ಟಿನಲ್ಲಿ, ಅಂದರೆ ಡ್ರೈವ್ ಬೆಲ್ಟಿನಲ್ಲಿ, ಎರಡು ಜಾತಿ. ಹಳೆಯದು ವಿ-ಬೆಲ್ಟ್. ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತದೆ. ಅದು ಹಿಡಿತ ಸಾಧಿಸುವುದು ಎರಡು ಬದಿಗಳಿಂದ, ತಳದಿಂದಲ್ಲ. ಪುಲ್ಲಿಯ ಗ್ರೂವ್‌ನಲ್ಲಿ ಬೆಣೆ ಹಾಗೆ ಕಚ್ಚಿಕೊಳ್ಳುತ್ತದೆ. ಸವೆದಂತೆ ಕೆಳಗೆ ಇಳಿಯುತ್ತ ಹೋಗಿ ಕೊನೆಗೆ ತಳಕ್ಕೆ ಕೂರುತ್ತದೆ. ತಳಕ್ಕೆ ಕೂತ ಮೇಲೆ ಬೆಣೆಯ ಕೆಲಸ ಮುಗಿಯಿತು, ಜಾರಲು ಶುರು. ಇನ್ನೊಂದು ಚಪ್ಪಟೆ ಬೆಲ್ಟ್. ಒಳಮೈಯಲ್ಲಿ ಉದ್ದುದ್ದ ಏಣುಗಳಿರುತ್ತವೆ. ಇವತ್ತಿನ ಕಾರುಗಳಲ್ಲಿ ಬಹುಪಾಲು ಇದೇ.

ಮೊದಲು ಕಿವಿ ಕೊಡಿ

ಬಾನೆಟ್ ತೆಗೆಯುವ ಮುಂಚೆ ಸದ್ದಿನ ಜಾತಿ ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ.

ಉದ್ದಕ್ಕೆ ಎಳೆದ ಕೀಂ...ಯ್ ಅನ್ನುವ ಸದ್ದು, ಅದರಲ್ಲೂ ಸ್ಟಾರ್ಟ್ ಮಾಡಿದಾಗ, ಏಸಿ ಹಾಕಿದಾಗ ಅಥವಾ ಆಕ್ಸಿಲರೇಟರ್ ಗಕ್ಕನೆ ಒತ್ತಿದಾಗ ಬಂದರೆ ಬೆಲ್ಟ್ ಜಾರುತ್ತಿದೆ ಎಂದರ್ಥ. ಸಡಿಲವಿರಬಹುದು, ಸವೆದಿರಬಹುದು, ಎಣ್ಣೆಯೋ ಕೂಲಂಟೋ ತಗುಲಿರಬಹುದು.

ಚಿಕ್ ಚಿಕ್ ಚಿಕ್ ಅಂತ ಗುಬ್ಬಚ್ಚಿ ಕೂಗಿದ ಹಾಗೆ ತಾಳಬದ್ಧವಾಗಿ ಬಂದು, ಆಕ್ಸಿಲರೇಟರ್ ಒತ್ತಿದರೆ ಲಯ ಜೋರಾಗುತ್ತದೆಯೇ? ಆಗ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಅನ್ನುವ ಅನುಮಾನ ಮೊದಲು ಬರಬೇಕು. ಬೆಲ್ಟ್ ಪ್ರತಿ ಸುತ್ತಿಗೂ ಒಂದು ಕಡೆ ಉಜ್ಜಿಕೊಂಡು ಒಳಗೆ ಹೋಗುತ್ತಿರುತ್ತದೆ.

ಗರಗರ, ಗೊರಗೊರ ಅಥವಾ ಒಂದೇ ಸಮನೆ ಹುಂಯ್ ಅಂತ ಸಿಳ್ಳೆಯಂಥ ಸದ್ದು, ಪುಲ್ಲಿ ಸಲೀಸಾಗಿ ತಿರುಗಲೆಂದು ಒಳಗಿರುವ ಬೇರಿಂಗಿನದು. ಅದಕ್ಕೂ ಬೆಲ್ಟಿಗೂ ಸಂಬಂಧವಿಲ್ಲ. ಬೆಲ್ಟ್ ಎಷ್ಟು ಬದಲಾಯಿಸಿದರೂ ಅದು ಹೋಗುವುದಿಲ್ಲ.

ಸದ್ದು ಯಾವಾಗ ಬರುತ್ತದೆ ಅನ್ನುವುದನ್ನೂ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೂಗುವುದಕ್ಕೆ ಒಂದು ಕಾರಣವಿದೆ. ಎಂಜಿನ್ ತಿರುಗಿಸಲು ಬ್ಯಾಟರಿ ಆಗಷ್ಟೇ ಒಂದು ದೊಡ್ಡ ಗುಟುಕು ಕರೆಂಟ್ ಖರ್ಚು ಮಾಡಿರುತ್ತದೆ. ಅದನ್ನು ತುಂಬಿಕೊಡಲು ಆಲ್ಟರ್ನೇಟರ್ ಒಮ್ಮೆಲೇ ಭಾರ ಹೊರುತ್ತದೆ. ಎಂಜಿನ್ ಒಂದು ಸುತ್ತು ತಿರುಗುವಾಗ ಆಲ್ಟರ್ನೇಟರ್ ಎರಡು-ಮೂರು ಸುತ್ತು ತಿರುಗುತ್ತದೆ. ಅದರ ಪುಲ್ಲಿ ಚಿಕ್ಕದು, ಬೆಲ್ಟ್ ತಬ್ಬಿಕೊಳ್ಳುವ ಜಾಗ ಕಡಿಮೆ. ಹಾಗಾಗಿ ಜಾರುವುದು ಮೊದಲು ಅಲ್ಲೇ. ಬ್ಯಾಟರಿ ಹಳೆಯದಾಗಿದ್ದರೆ ಕೂಗು ಇನ್ನೂ ಉದ್ದ. ಅಂದರೆ ಬೆಲ್ಟ್ ಕಿರುಚಾಟದ ಹಿಂದೆ ಬ್ಯಾಟರಿಯೂ ಕೂತಿರಬಹುದು.

ಮಳೆಗಾಲದಲ್ಲಿ ಇನ್ನೊಂದು ವಿಷಯ. ರಾತ್ರಿಯ ತೇವ ಬೆಲ್ಟಿನ ಮೇಲೆ, ಪುಲ್ಲಿಯ ಮೇಲೆ ಕೂತಿರುತ್ತದೆ. ವಾರಗಟ್ಟಲೆ ಕಾರು ನಿಂತರೆ ಪುಲ್ಲಿಗೆ ತೆಳುವಾಗಿ ತುಕ್ಕು ಹಿಡಿಯುತ್ತದೆ. ಬೆಳಿಗ್ಗೆ ಐದು ಸೆಕೆಂಡು ಕೂಗಿ, ಒಣಗಿದ ಮೇಲೆ ಇಡೀ ದಿನ ಸುಮ್ಮನಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಬೇಸಿಗೆಯಲ್ಲೂ ಅದೇ ಕೂಗು ಬಂದರೆ ಬಿಡಬೇಡಿ.

ಕೈ ಹಾಕುವ ಮೊದಲು

ಇಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿ ಹೇಳುತ್ತೇನೆ. ತಿರುಗುವ ಬೆಲ್ಟು ಬೆರಳು ತೆಗೆಯುತ್ತದೆ. ಪಂಚೆ, ಲುಂಗಿ ಉಟ್ಟು ಬಾನೆಟ್ ಮುಂದೆ ನಿಲ್ಲಬೇಡಿ. ದುಪಟ್ಟಾ, ಸೆರಗು, ಬಿಚ್ಚಿದ ಕೂದಲು, ಸಡಿಲ ತೋಳಿನ ಅಂಗಿ, ಕೈಬಳೆ, ವಾಚು, ಕುತ್ತಿಗೆಯ ಚೈನು ಯಾವುದೂ ಬೇಡ. ಎಂಜಿನ್ ಓಡುತ್ತಿರುವಾಗ ನೋಡುವುದು, ಕೇಳುವುದು ಮಾತ್ರ. ಮುಟ್ಟುವುದು ಎಂಜಿನ್ ನಿಂತ ಮೇಲೆ, ಕೀ ನಿಮ್ಮ ಜೇಬಿಗೆ ಬಂದ ಮೇಲೆ. ಎಂಜಿನ್ ನಿಂತಿದ್ದರೂ ಬಿಸಿಯಿರುವಾಗ ರೇಡಿಯೇಟರ್ ಫ್ಯಾನು ಕೆಲವು ಕಾರುಗಳಲ್ಲಿ ತಾನಾಗಿಯೇ ತಿರುಗತೊಡಗುತ್ತದೆ. ಹಾಗಾಗಿ ತಣ್ಣಗಾದ ಮೇಲೆ ಕೆಲಸ ಶುರು ಮಾಡಿ. ಮಕ್ಕಳನ್ನು ದೂರ ಇರಿಸಿ. ಸ್ಟಾರ್ಟ್ ಮಾಡಲು ಯಾರನ್ನಾದರೂ ಕೂರಿಸಿದ್ದರೆ, ನೀವು ಕೂಗಿ ಹೇಳುವ ತನಕ ಕೀ ಮುಟ್ಟಬಾರದು ಅಂತ ಮೊದಲೇ ಹೇಳಿಬಿಡಿ.

ಕಣ್ಣಿನ ಪರೀಕ್ಷೆ

ಟಾರ್ಚ್ ಹಿಡಿದು ಬೆಲ್ಟನ್ನು ಉದ್ದಕ್ಕೂ ನೋಡಿ. ಕಾಣದ ಭಾಗಕ್ಕೆ ಮೊಬೈಲ್ ಕ್ಯಾಮೆರಾ ತೂರಿಸಿ ಫೋಟೋ ತೆಗೆಯಬಹುದು, ನನಗಂತೂ ಇದು ಕನ್ನಡಿಗಿಂತ ಚೆನ್ನಾಗಿ ಒದಗಿದೆ.

ವಿ-ಬೆಲ್ಟ್ ಆಗಿದ್ದರೆ ಬದಿಗಳು ಗಾಜಿನ ಹಾಗೆ ಹೊಳೆಯುತ್ತಿವೆಯೇ ನೋಡಿ. ಹೊಳಪು ಅಂದರೆ ಜಾರಿ ಜಾರಿ ರಬ್ಬರು ಸುಟ್ಟು ಗಟ್ಟಿಯಾಗಿದೆ. ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿನ ಮಟ್ಟಕ್ಕೆ ಇರಬೇಕು. ತೀರಾ ಒಳಗೆ ಇಳಿದಿದ್ದರೆ ಅದರ ಆಯಸ್ಸು ಮುಗಿದಿದೆ. ಪುಲ್ಲಿಯ ಗ್ರೂವ್‌ನ ತಳ ಫಳಫಳ ಹೊಳೆಯುತ್ತಿದ್ದರೂ ಅದೇ ಅರ್ಥ.

ಏಣಿನ ಬೆಲ್ಟ್ ವಿಚಾರದಲ್ಲಿ ಹಳೆಯ ಪಾಠವೊಂದು ಈಗ ನಡೆಯುವುದಿಲ್ಲ. ಹಿಂದಿನ ನಿಯೋಪ್ರಿನ್ ಎಂಬ ರಬ್ಬರಿನ ಬೆಲ್ಟುಗಳು ವಯಸ್ಸಾದಂತೆ ಬಿರುಕು ಬಿಡುತ್ತಿದ್ದವು. ಒಂದು ಏಣಿನ ಮೇಲೆ ಒಂದು ಇಂಚಿನೊಳಗೆ ಮೂರು-ನಾಲ್ಕು ಬಿರುಕು ಕಂಡರೆ ಬದಲಾಯಿಸು ಅನ್ನುವುದು ಲೆಕ್ಕವಾಗಿತ್ತು. ಈಗಿನವು ಹೆಚ್ಚಾಗಿ ಇಪಿಡಿಎಂ ರಬ್ಬರಿನವು. ಇವು ಅಷ್ಟು ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಕಾರಿನ ಟೈರ್ ಹಾಗೆ ಸವೆಯುತ್ತವೆ. ನೋಡಲು ಹೊಸತರ ಹಾಗೇ ಇರುತ್ತವೆ, ಒಳಗೆ ಮಾತ್ರ ಏಣಿನ ನಡುವಿನ ಸಂದು ಅಗಲವಾಗಿ, ಚೂಪಾಗಿದ್ದದ್ದು ದುಂಡಗಾಗಿರುತ್ತದೆ. "ಬಿರುಕೇ ಇಲ್ವಲ್ಲ, ಬೆಲ್ಟ್ ಚೆನ್ನಾಗಿದೆ" ಅಂತ ಯಾರಾದರೂ ಅಂದರೆ ಪೂರ್ತಿ ನಂಬಬೇಡಿ. ಅಂಗಡಿಯಲ್ಲಿ ಹೊಸ ಬೆಲ್ಟ್ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಅಂಚಿನಿಂದ ದಾರ ಎದ್ದಿದ್ದರೆ, ಏಣಿನ ತುಂಡು ಕಿತ್ತುಹೋಗಿದ್ದರೆ, ಇಲಿ ಕಚ್ಚಿದ ಗುರುತಿದ್ದರೆ ಬೇರೆ ಪರೀಕ್ಷೆಯೇ ಬೇಡ. ಬದಲಾಯಿಸಿ. ಒಂದೇ ಕಡೆಯ ಅಂಚು ಸವೆದಿದ್ದರೆ ಪುಲ್ಲಿ ಓರೆಯಾಗಿದೆ ಅನ್ನುವುದಕ್ಕೆ ಸಾಕ್ಷಿ.

ಬೆಲ್ಟ್ ನೋಡಿದ ಮೇಲೆ ಅದರ ಸುತ್ತಮುತ್ತ ನೋಡಿ. ನಾನು ಮೊದಲು ಬಿಟ್ಟದ್ದು ಇದನ್ನೇ. ಹಸಿರೋ ಗುಲಾಬಿಯೋ ಬಣ್ಣದ ಕಲೆ, ಒಣಗಿದ ಬಿಳಿ ಹುಡಿ, ಸಿಹಿ ವಾಸನೆ ಇದ್ದರೆ ಕೂಲಂಟ್. ವಾಟರ್ ಪಂಪಿನ ಕೆಳಬದಿಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಹೋದರೆ ಅಲ್ಲಿಂದ ತೊಟ್ಟಿಕ್ಕಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಕಪ್ಪಗೆ ಜಿಡ್ಡು ಇದ್ದರೆ ಎಂಜಿನ್ ಆಯಿಲ್, ಹೆಚ್ಚಾಗಿ ಮೇಲಿನ ಮುಚ್ಚಳದ ಪ್ಯಾಕಿಂಗಿನಿಂದ ಇಳಿದದ್ದು. ಎಣ್ಣೆ ಕುಡಿದ ಬೆಲ್ಟನ್ನು ಒರೆಸಿ ಉಳಿಸಲು ಹೋಗಬೇಡಿ, ರಬ್ಬರು ಮೆತ್ತಗಾಗಿ ಉಬ್ಬಿರುತ್ತದೆ. ಸೋರಿಕೆ ನಿಲ್ಲಿಸಿ, ಪುಲ್ಲಿ ತೊಳೆದು, ಆಮೇಲೆ ಹೊಸ ಬೆಲ್ಟ್. ಈ ಕ್ರಮ ತಿರುಗುಮುರುಗಾದರೆ ನನ್ನ ಹಾಗೆ ಎರಡು ಸಲ ದುಡ್ಡು ಕೊಡಬೇಕು.

ನೀರಿನ ಪರೀಕ್ಷೆ

ಇದು ನನಗೆ ತುಂಬ ಇಷ್ಟವಾದ ಪರೀಕ್ಷೆ. ಖರ್ಚು ಸೊನ್ನೆ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಸಾಕು.

ಎಂಜಿನ್ ಸುಮ್ಮನೆ ಓಡುತ್ತಿರಲಿ, ಸದ್ದು ಬರುತ್ತಿರಲಿ. ದೂರದಿಂದ ಬೆಲ್ಟಿನ ಏಣು ಇರುವ ಒಳಮೈಗೆ ಒಂದೆರಡು ಸಲ ಶುದ್ಧ ನೀರು ಚಿಮುಕಿಸಿ. ಪೈಪು ಹಿಡಿದು ಅಭಿಷೇಕ ಮಾಡಬೇಡಿ. ಆಲ್ಟರ್ನೇಟರ್ ಒಳಗೆ ನೀರು ಹೋಗಬಾರದು, ಬಿಸಿ ಸೈಲೆನ್ಸರ್ ಪೈಪಿನ ಮೇಲೂ ಬೀಳಬಾರದು.

ನೀರು ಬಿದ್ದ ಕೂಡಲೇ ಸದ್ದು ನಿಂತು, ಕೆಲವು ಸೆಕೆಂಡಿಗೆ ಮತ್ತೆ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ. ನೀರು ಬಿದ್ದ ಮೇಲೆ ಸದ್ದು ಇನ್ನೂ ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಏನೂ ಬದಲಾಗದಿದ್ದರೆ ಬೆಲ್ಟನ್ನು ಬಿಟ್ಟುಬಿಡಿ, ಬೇರಿಂಗ್ ಕಡೆ ತಿರುಗಿ. ಏಣಿನ ಬೆಲ್ಟುಗಳಿಗೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಹಳೆಯ ವಿ-ಬೆಲ್ಟಿಗೆ ಅಷ್ಟು ಖಚಿತವಲ್ಲ, ಅಲ್ಲಿ ಹೆಬ್ಬೆರಳಿನ ಪರೀಕ್ಷೆಯೇ ವಾಸಿ.

ಜಾರುತ್ತಿದೆ ಅಂತ ಅನುಮಾನ ಬಂದರೆ ಭಾರ ಹಾಕಿ ನೋಡಿ. ಹೆಡ್‌ಲೈಟ್, ಬ್ಲೋವರ್, ಏಸಿ ಒಂದೊಂದಾಗಿ ಹಾಕಿ. ಲೈಟ್ ಹಾಕಿದಾಗ ಕೂಗಿದರೆ ಆಲ್ಟರ್ನೇಟರ್ ಕಡೆ, ಏಸಿ ಹಾಕಿ ಕಂಪ್ರೆಸರ್ ಟಕ್ ಅಂತ ಹಿಡಿದಾಗ ಕೂಗಿದರೆ ಏಸಿ ಬೆಲ್ಟ್ ಕಡೆ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಕೂಗಿದರೆ ಸ್ಟಿಯರಿಂಗ್ ಪಂಪಿನ ಕಡೆ ನೋಡಿ. ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಇರುವ ಕಾರಿನಲ್ಲಿ ಈ ಕೊನೆಯದು ಅನ್ವಯಿಸುವುದಿಲ್ಲ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಬ್ಯಾಟರಿ ಮೇಲೆ ಇಡಿ. ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ 13.5 ರಿಂದ 14.5 ರ ನಡುವೆ ಇರುವುದು ಸಾಮಾನ್ಯ. ಲೈಟ್ ಹಾಕಿ ಬೆಲ್ಟ್ ಕೂಗುವಾಗ ವೋಲ್ಟೇಜ್ ಇಳಿದು ಕೂಗು ನಿಂತಾಗ ಏರಿದರೆ ಜಾರುವುದು ಖಾತ್ರಿ.

ಹೆಬ್ಬೆರಳಿನ ಪರೀಕ್ಷೆ

ಎಂಜಿನ್ ಆಫ್. ಎರಡು ಪುಲ್ಲಿಗಳ ನಡುವೆ ಬೆಲ್ಟ್ ಅತಿ ಉದ್ದ ಇರುವ ಕಡೆ, ಮಧ್ಯದಲ್ಲಿ ಹೆಬ್ಬೆರಳಿನಿಂದ ಜೋರಾಗಿ ಒತ್ತಿ. ಸುಮಾರು 10 ಕೆ.ಜಿ. ಭಾರ ಬೀಳುವಷ್ಟು. ಸಣ್ಣ ಕಾರುಗಳಲ್ಲಿ ಸರಾಸರಿ ಅರ್ಧದಿಂದ ಒಂದು ಸೆಂಟಿಮೀಟರ್ ಬಗ್ಗುವುದು ಸರಿ. ನಿಮ್ಮ ಕಾರಿನ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿ ಇರುತ್ತದೆ, ಅದೇ ಅಂತಿಮ. ಎರಡು ಸೆಂಟಿಮೀಟರ್ ಬಗ್ಗಿದರೆ ಸಡಿಲ. ಕಲ್ಲಿನ ಹಾಗೆ ಒಂದಿಷ್ಟೂ ಅಲುಗದಿದ್ದರೆ ಅದೂ ತಪ್ಪೇ.

ಇನ್ನೊಂದು ಒರಟು ಲೆಕ್ಕವಿದೆ. ಅದೇ ಜಾಗದಲ್ಲಿ ಬೆಲ್ಟನ್ನು ಹೆಬ್ಬೆರಳು, ತೋರುಬೆರಳಿನಿಂದ ಹಿಡಿದು ತಿರುಚಿದರೆ ಕಾಲು ಸುತ್ತು, ಅಂದರೆ 90 ಡಿಗ್ರಿ ತಿರುಗಬೇಕು. ಅದಕ್ಕಿಂತ ಸಲೀಸಾಗಿ ತಿರುಗಿದರೆ ಸಡಿಲ.

ಬಿಗಿ ಮಾಡುವುದು

ಇದು ಆಲ್ಟರ್ನೇಟರ್ ಸರಿಸಿ ಬಿಗಿ ಮಾಡುವ ಹಳೆಯ ಏರ್ಪಾಡಿಗೆ. ಆಲ್ಟರ್ನೇಟರಿಗೆ ಎರಡು ಬೋಲ್ಟ್ ಇರುತ್ತದೆ. ಒಂದು ಬಾಗಿಲ ತಿರುಗಣೆಯ ಹಾಗೆ, ಅದರ ಮೇಲೆ ಆಲ್ಟರ್ನೇಟರ್ ಅತ್ತಿತ್ತ ಹೊರಳುತ್ತದೆ. ಇನ್ನೊಂದು ಉದ್ದ ಸೀಳು ಇರುವ ಪಟ್ಟಿಯ ಮೇಲೆ.

1. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಆಲ್ಟರ್ನೇಟರಿನ ಹಿಂದೆ ಬ್ಯಾಟರಿಯಿಂದ ನೇರ ಬರುವ ದಪ್ಪ ವೈರ್ ಇದೆ. ಸ್ಪ್ಯಾನರ್ ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ.

2. ಎರಡೂ ಬೋಲ್ಟುಗಳನ್ನು ಅರ್ಧ ಸುತ್ತು, ಮುಕ್ಕಾಲು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ತಿರುಗಣೆ ಬೋಲ್ಟ್ ಸಡಿಲಿಸದೆ ಬರೀ ಪಟ್ಟಿಯ ಬೋಲ್ಟ್ ಬಿಚ್ಚಿ ಎಳೆದಾಡುವುದು ಎಲ್ಲರೂ ಮಾಡುವ ತಪ್ಪು.

3. ಗಟ್ಟಿ ಮರದ ತುಂಡನ್ನು ಮೀಟುಗೋಲಿನ ಹಾಗೆ ಎಂಜಿನ್ನಿನ ಗಟ್ಟಿ ಭಾಗಕ್ಕೆ ಆನಿಸಿ ಆಲ್ಟರ್ನೇಟರನ್ನು ಹೊರಕ್ಕೆ ತಳ್ಳಿ. ಒತ್ತು ಬೀಳಬೇಕಾದ್ದು ಪುಲ್ಲಿ ಕಡೆಯ ದಪ್ಪ ಬಾಡಿಯ ಮೇಲೆ. ಹಿಂದಿನ ತೆಳು ಮುಚ್ಚಳಕ್ಕೆ ಕಬ್ಬಿಣದ ರಾಡು ಹಾಕಿದರೆ ಅದು ಸೀಳುತ್ತದೆ. ಕೆಲವು ಕಾರುಗಳಲ್ಲಿ ಇದಕ್ಕೆಂದೇ ಉದ್ದನೆಯ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸುತ್ತ ಹೋದರೆ ಬೆಲ್ಟ್ ತಾನೇ ಬಿಗಿಯಾಗುತ್ತದೆ, ಮೀಟುವ ಗೋಜೇ ಇಲ್ಲ.

4. ಒತ್ತಿ ಹಿಡಿದುಕೊಂಡೇ ಪಟ್ಟಿಯ ಬೋಲ್ಟ್ ಬಿಗಿ ಮಾಡಿ. ಹೆಬ್ಬೆರಳಿನಿಂದ ಒತ್ತಿ ನೋಡಿ. ಸರಿಯಿದ್ದರೆ ತಿರುಗಣೆ ಬೋಲ್ಟೂ ಬಿಗಿ. ಇದನ್ನು ಮರೆತರೆ ಆಲ್ಟರ್ನೇಟರ್ ಓರೆಯಾಗಿ ಹೊಸ ಸದ್ದು ಹುಟ್ಟುತ್ತದೆ.

5. ಟರ್ಮಿನಲ್ ಜೋಡಿಸಿ, ಲೈಟ್ ಹಾಕಿ ಐದು ನಿಮಿಷ ಓಡಿಸಿ, ನಿಲ್ಲಿಸಿ ಮತ್ತೆ ಒತ್ತಿ ನೋಡಿ. ಹೊಸ ಬೆಲ್ಟ್ ಆಗಿದ್ದರೆ ಸ್ವಲ್ಪ ಹಿಗ್ಗಿ ಪುಲ್ಲಿಯಲ್ಲಿ ಕೂತಿರುತ್ತದೆ, ಇನ್ನೊಮ್ಮೆ ಬಿಗಿ ಮಾಡಬೇಕಾಗುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೂ ಒಮ್ಮೆ ನೋಡಿ.

"ಇನ್ನೂ ಸ್ವಲ್ಪ ಟೈಟ್ ಇರಲಿ ಬಿಡಿ, ಮತ್ತೆ ಸದ್ದು ಬರಲ್ಲ" ಅನ್ನುವ ಮಾತಿಗೆ ಒಪ್ಪಬೇಡಿ. ಸದ್ದು ನಿಲ್ಲುತ್ತದೆ, ನಿಜ. ಆದರೆ ಆ ಎಳೆತವೆಲ್ಲ ವಾಟರ್ ಪಂಪ್ ಮತ್ತು ಆಲ್ಟರ್ನೇಟರಿನ ಬೇರಿಂಗ್ ಮೇಲೆ ಬೀಳುತ್ತದೆ. ನನ್ನ ಕಾರಿನ ಪಂಪು ಸೋರುತ್ತಿದ್ದುದು ಮೊದಲೇ ಇರಬಹುದು. ಆದರೆ ನಡುವೆ ಆ ಬೆಲ್ಟನ್ನು ತಂಬೂರಿ ತಂತಿಯ ಹಾಗೆ ಬಿಗಿದದ್ದು ಅದಕ್ಕೆ ಒಳ್ಳೆಯದನ್ನಂತೂ ಮಾಡಿರಲಿಕ್ಕಿಲ್ಲ. ಬೆಲ್ಟ್ ಬೆಲೆ ಕೆಲವು ನೂರು ರೂಪಾಯಿ. ಪಂಪು, ಆಲ್ಟರ್ನೇಟರ್ ಹಾಗಲ್ಲ.

ಬೆಲ್ಟನ್ನು ತಾನೇ ಬಿಗಿಯಾಗಿ ಹಿಡಿದಿಡುವ ಸ್ಪ್ರಿಂಗ್ ಟೆನ್ಷನರ್ ಇದ್ದರೆ ನೀವು ಬಿಗಿ ಮಾಡುವಂಥದ್ದು ಏನೂ ಇಲ್ಲ. ಎಂಜಿನ್ ಸುಮ್ಮನೆ ಓಡುವಾಗ ಅದರ ತೋಳನ್ನು ನೋಡಿ. ಸ್ವಲ್ಪ ಮಿಡಿಯುವುದು ಸಹಜ. ಗಡಗಡ ನಡುಗುತ್ತಿದ್ದರೆ, ಅಥವಾ ಎಂಜಿನ್ ಆಫ್ ಮಾಡಿ ಸ್ಪ್ಯಾನರಿನಿಂದ ತಿರುಗಿಸಿದಾಗ ನುಣುಪಾಗಿ ಚಲಿಸದೆ ಅಲ್ಲಲ್ಲಿ ಸಿಕ್ಕಿಕೊಂಡರೆ ಟೆನ್ಷನರ್ ಸೋತಿದೆ. ಇನ್ನು ಕೆಲವು ಕಾರುಗಳಲ್ಲಿ ಟೆನ್ಷನರೂ ಇಲ್ಲ, ಸರಿಸುವ ಬೋಲ್ಟೂ ಇಲ್ಲ. ಬೆಲ್ಟೇ ರಬ್ಬರ್ ಬ್ಯಾಂಡ್ ಹಾಗೆ ಹಿಗ್ಗಿ ಕೂರುವಂಥದ್ದು. ಅದನ್ನು ಹಾಕಲು ಬೇರೆ ಸಾಧನ ಬೇಕು, ಗ್ಯಾರೇಜಿಗೇ ಕೊಡಿ.

ಬೇರಿಂಗ್ ಅನುಮಾನ ಬಂದರೆ

ಬೆಲ್ಟ್ ಬಿಚ್ಚಿ ಒಂದೊಂದೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಗರಗರ ಅಂದರೆ, ಹಿಡಿದು ಅಲುಗಿಸಿದಾಗ ಆಟವಾಡಿದರೆ ಕಳ್ಳ ಸಿಕ್ಕ. ಐಡ್ಲರ್ ಪುಲ್ಲಿ ಎಂಬ ಸುಮ್ಮನೆ ತಿರುಗುವ ಚಿಕ್ಕ ಗಾಲಿಯನ್ನು ಮರೆಯಬೇಡಿ. ಬಹಳ ಸಲ ಅದರದ್ದೇ ಕಿತಾಪತಿ.

ಬೆಲ್ಟ್ ಇಲ್ಲದೆ ಎಂಜಿನ್ನನ್ನು ಕೆಲವೇ ಸೆಕೆಂಡು ಓಡಿಸಿಯೂ ನೋಡಬಹುದು. ಸದ್ದು ಪೂರ್ತಿ ನಿಂತರೆ ಅದು ಬೆಲ್ಟ್ ಅಥವಾ ಬೆಲ್ಟ್ ತಿರುಗಿಸುವ ವಸ್ತುವಿನದ್ದು. ನಿಲ್ಲದಿದ್ದರೆ ಎಂಜಿನ್ ಒಳಗಿನದು, ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ವಾಟರ್ ಪಂಪ್ ತಿರುಗುತ್ತಿರುವುದಿಲ್ಲ, ಹಾಗಾಗಿ ಅರ್ಧ ನಿಮಿಷ ಮೀರಿಸಬೇಡಿ.

ಹಳೆಯ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರ್ ಬಾಡಿಗಿಟ್ಟು, ಹಿಡಿಯನ್ನು ಕಿವಿಗೆ ಆನಿಸಿ ಕೇಳುತ್ತಾರೆ. ಡಾಕ್ಟರ ಸ್ಟೆತಸ್ಕೋಪ್ ಇದ್ದ ಹಾಗೆ. ಚೆನ್ನಾಗಿ ಕೇಳಿಸುತ್ತದೆ. ಆದರೆ ಓಡುವ ಬೆಲ್ಟಿನ ಪಕ್ಕ ಮುಖ ತರುವ ಕೆಲಸ ಅದು. ಕೈ ಪಳಗಿದವರಿಗೆ ಬಿಡಿ.

ಹೊಸ ಬೆಲ್ಟ್ ಹಾಕುವಾಗ

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಒಂದು ಚೀಟಿಯಲ್ಲಿ ಬೆಲ್ಟಿನ ದಾರಿಯನ್ನೂ ಬರೆದಿಡಿ. ಹಾವಿನ ಸುತ್ತಿನ ಬೆಲ್ಟಿನಲ್ಲಿ ಒಂದು ಪುಲ್ಲಿಯ ಮೇಲೋ ಕೆಳಗೋ ಅನ್ನುವುದು ತಪ್ಪಿದರೆ ವಾಟರ್ ಪಂಪು ಉಲ್ಟಾ ತಿರುಗುತ್ತದೆ. ಎರಡು ಬೆಲ್ಟ್ ಇದ್ದು ನಿಮಗೆ ಬೇಕಾದದ್ದು ಒಳಗಿನದಾದರೆ ಹೊರಗಿನದನ್ನೂ ಬಿಚ್ಚಬೇಕು. ಹೇಗೂ ಬಿಚ್ಚಿದ್ದೀರಿ, ಎರಡನ್ನೂ ಹೊಸತು ಹಾಕಿಬಿಡಿ.

ಹಳೆಯ ಬೆಲ್ಟಿನ ಬೆನ್ನ ಮೇಲೆ ಅಳತೆ ಬರೆದಿರುತ್ತದೆ. 4ಪಿಕೆ 880 ಅಂತ ಇದ್ದರೆ ನಾಲ್ಕು ಏಣು, 880 ಮಿಲಿಮೀಟರ್ ಉದ್ದ. ಪಿಕೆ ಅನ್ನುವುದು ಏಣಿನ ಅಚ್ಚಿನ ಹೆಸರು. ಒಂದು ಏಣಿನಿಂದ ಇನ್ನೊಂದಕ್ಕೆ 3.56 ಮಿಲಿಮೀಟರ್. ಅಂಗಡಿಯವರು "ಇದಿಲ್ಲ, 890 ಇದೆ, ನಡೆಯುತ್ತೆ" ಅಂದರೆ ಬೇಡ ಅನ್ನಿ. ಬಿಗಿ ಮಾಡುವ ಜಾಗ ಅಷ್ಟರಲ್ಲೇ ಮುಗಿದುಹೋಗಬಹುದು. ಹಳೆಯ ಬೆಲ್ಟಿನ ಅಕ್ಷರ ಅಳಿಸಿಹೋಗಿದ್ದರೆ ಕಾರಿನ ಮಾಡೆಲ್, ಇಸವಿ, ಏಸಿ ಇದೆಯೋ ಇಲ್ಲವೋ ಹೇಳಿ ಕೇಳಿ. ಹಳೆಯದನ್ನು ಹಿಡಿದು ಅಳೆದರೆ ಮೋಸ, ಅದು ಸವೆದು ಉದ್ದವಾಗಿರುತ್ತದೆ.

ಹೊಸದು ಹಾಕುವ ಮೊದಲು ಪುಲ್ಲಿಯ ಗ್ರೂವ್‌ಗಳನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ನಮ್ಮ ಕಡೆಯ ಕೆಂಪು ಧೂಳು, ಹಳೆಯ ರಬ್ಬರಿನ ಹುಡಿ ಸೇರಿ ಸಂದಿನಲ್ಲಿ ಸಿಮೆಂಟಿನ ಹಾಗೆ ಕೂತಿರುತ್ತದೆ. ಆ ಗಟ್ಟಿ ಹುಡಿಯ ಮೇಲೆ ಹೊಸ ಬೆಲ್ಟ್ ಕೂರಿಸಿದರೆ ಒಂದೇ ವಾರಕ್ಕೆ ಚಿಕ್ ಚಿಕ್ ಶುರು. ತುಕ್ಕು ಇದ್ದರೆ ನುಣುಪು ಮರಳುಕಾಗದದಿಂದ ಹಗುರಾಗಿ ತೆಗೆದು ಒರೆಸಿ.

ಕೂರಿಸಿದ ಮೇಲೆ ಪ್ರತಿ ಪುಲ್ಲಿಯಲ್ಲೂ ಏಣುಗಳು ಸರಿಯಾದ ಗ್ರೂವ್‌ನಲ್ಲಿವೆಯೇ ಅಂತ ಬೆರಳಾಡಿಸಿ ನೋಡಿ. ಒಂದು ಏಣು ಹೊರಗೆ ಉಳಿದು, ಬೆಲ್ಟ್ ಒಂದು ಮನೆ ಆಚೆ ಕೂರುವುದು ತುಂಬ ಸಾಮಾನ್ಯ. ಹೊಸ ಬೆಲ್ಟ್ ಹಾಕಿಸಿಕೊಂಡು ಬಂದ ದಿನವೇ ಸದ್ದು ಬಂದರೆ ಮೊದಲು ಇದನ್ನು ನೋಡಿ. ಅದು ಸರಿಯಿದ್ದರೆ ಒಂದು ನೇರವಾದ ಸ್ಟೀಲ್ ಸ್ಕೇಲನ್ನು ಎರಡು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದು ಸಾಲು ನೋಡಿ.

ಸೋಪು, ಎಣ್ಣೆ, ಸ್ಪ್ರೇ

ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಅಗಲ ಬೆಲ್ಟಿಗೆ ಮೇಣದಂಥ ಅಂಟು ಉಂಡೆ ಉಜ್ಜುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಉಜ್ಜಿದರೆ ಬೆಲ್ಟ್ ಹಿಡಿಯುತ್ತಿತ್ತು. ಆ ಚಪ್ಪಟೆ ಬೆಲ್ಟಿಗೆ ಅದು ಸರಿ. ಕಾರಿನ ಏಣಿನ ಬೆಲ್ಟಿಗೆ ಅಂಟು ಹಚ್ಚಿದರೆ ಧೂಳೆಲ್ಲ ಅಲ್ಲೇ ಅಂಟಿಕೊಳ್ಳುತ್ತದೆ. ಬೆಲ್ಟ್ ಡ್ರೆಸ್ಸಿಂಗ್ ಅಂತ ಮಾರುವ ಸ್ಪ್ರೇಯದ್ದೂ ಇದೇ ಗತಿ. ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಕೆಟ್ಟದ್ದು. ಅದು ಎಣ್ಣೆಯೇ ತಾನೆ? ಒಂದು ಗಂಟೆ ಸದ್ದು ಅಡಗುತ್ತದೆ, ಆಮೇಲೆ ದುಪ್ಪಟ್ಟು ಜಾರುತ್ತದೆ. ಸೋಪಿನ ಅನುಭವ ನನ್ನದೇ ಇದೆ, ಮೇಲೆ ಹೇಳಿದ್ದೇನೆ.

ದಾರಿಯಲ್ಲಿ ತುಂಡಾದರೆ

ಕೂಗುತ್ತಿದ್ದ ಬೆಲ್ಟ್ ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾಗಿ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ದೀಪ ಹತ್ತಿದರೆ ಖುಷಿಪಡಬೇಡಿ. ಬೆಲ್ಟ್ ಹರಿದಿದೆ. ಸ್ಟಿಯರಿಂಗ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಸ್ಟಿಯರಿಂಗೂ ಭಾರವಾಗುತ್ತದೆ. ವಾಟರ್ ಪಂಪ್ ಈ ಬೆಲ್ಟಿನಿಂದಲೇ ತಿರುಗುವ ಕಾರಾದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಆಗುಂಬೆ ಘಾಟಿ ಹತ್ತುತ್ತಿದ್ದರೆ "ಮೇಲೆ ಹೋಗಿ ನೋಡೋಣ" ಅಂತ ಹೊರಟರೆ ಮೇಲೆ ಮುಟ್ಟುವುದರೊಳಗೆ ಎಂಜಿನ್ ಕಾದು ಅದರ ಒಳಗಿನ ಹೆಡ್ ಗ್ಯಾಸ್ಕೆಟ್ ಎಂಬ ಸೀಲು ಹೋಗಿರುತ್ತದೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ವಾಟರ್ ಪಂಪ್ ಬೇರೆ ಕಡೆಯಿಂದ ತಿರುಗುವ ಕಾರಾದರೆ ಲೈಟು, ಏಸಿ, ಬ್ಲೋವರ್ ಎಲ್ಲ ಆರಿಸಿ, ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಟ್ಟು ಹಗಲಿನಲ್ಲಿ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಬ್ಯಾಟರಿ ಇರುವಷ್ಟು ದೂರ.

ನೈಲಾನ್ ಕಾಲುಚೀಲ ಕಟ್ಟಿ, ಹಗ್ಗ ಬಿಗಿದು ಊರು ಸೇರಿದ ಕಥೆಗಳನ್ನು ಹಿರಿಯರು ಹೇಳುತ್ತಾರೆ. ಅವು ಒಂಟಿ ವಿ-ಬೆಲ್ಟಿನ ಕಾಲದವು. ಏಣಿನ ಪುಲ್ಲಿಯ ಮೇಲೆ ಗಂಟು ನಿಲ್ಲುವುದಿಲ್ಲ. ಅದರ ಬದಲು, ಬೆಲ್ಟ್ ಬದಲಾಯಿಸಿದಾಗ ಬಿಚ್ಚಿದ ಹಳೆಯದು ಹರಿಯದೆ ಚೆನ್ನಾಗಿದ್ದರೆ ಎಸೆಯಬೇಡಿ. ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಡಿ. ಅದನ್ನು ಹಾಕಲು ಬೇಕಾದ ಎರಡು ಸ್ಪ್ಯಾನರ್‌ಗಳನ್ನೂ ಅದರ ಜೊತೆಗೇ ಇಡಿ. ನಾನು ಒಮ್ಮೆ ಬೆಲ್ಟ್ ಮಾತ್ರ ಇಟ್ಟುಕೊಂಡು ಹೋಗಿ ತೀರ್ಥಹಳ್ಳಿ ರಸ್ತೆಯಲ್ಲಿ ಎರಡು ಗಂಟೆ ಕೂತಿದ್ದೆ.